ಪಹಣಿ, ಪ್ರತಿ ಮತ್ತು ಪಾಠ: ದೋಷಸಹಿಷ್ಣು ಗಣಕವ್ಯವಸ್ಥೆಯ ಸ್ವರೂಪ

ಹಲವು ಗಣಕಗಳು ಕೂಡಿ ಒಂದು ಕಾರ್ಯವನ್ನು ನಿರ್ವಹಿಸುವ ಏರ್ಪಾಡಿಗೆ ವಿತರಿತ ವ್ಯವಸ್ಥೆಯೆಂದು ಹೆಸರು. ಅದರ ಒಂದು ಘಟಕ ಕೆಟ್ಟರೂ ಒಟ್ಟು ಕಾರ್ಯ ನಿಲ್ಲದಿದ್ದರೆ ಅದು ದೋಷಸಹಿಷ್ಣುವೆನಿಸುತ್ತದೆ. ಈ ಗುಣ ಹೇಗೆ ಸಿದ್ಧಿಸುತ್ತದೆ, ಅದರ ಮಿತಿ ಯಾವುದು ಎಂಬುದನ್ನು ಹಾವೇರಿ ಜಿಲ್ಲೆಯ ನಾಲ್ಕು ತಾಲ್ಲೂಕುಗಳನ್ನು ಮುಂದಿಟ್ಟುಕೊಂಡು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಕರ್ನಾಟಕದ ಜಮೀನು ದಾಖಲೆಗಳನ್ನು ಗಣಕಕ್ಕೆ ಅಳವಡಿಸಿದ ‘ಭೂಮಿ’ ಯೋಜನೆಯ ಮೊದಲ ಘಟ್ಟದಲ್ಲಿ, ೨೦೦೦ದ ದಶಕದ ಆರಂಭದಲ್ಲಿ, ಆಯಾ ತಾಲ್ಲೂಕಿನ ಪಹಣಿಗಳು ಆಯಾ ತಾಲ್ಲೂಕು ಕಚೇರಿಯ ಸರ್ವರಿನಲ್ಲಿದ್ದವು. ಇಂಥ ರಚನೆಯಲ್ಲಿ ಸವಣೂರಿನ ಯಂತ್ರ ಕೆಟ್ಟರೆ ಹಾನಗಲ್ಲಿನ ರೈತನಿಗೆ ತೊಂದರೆಯಿಲ್ಲ. ಆದರೆ ಸವಣೂರಿನ ರೈತನಿಗೆ ಹಾನಗಲ್ಲು ನೆರವಾಗಲಾರದು. ಹಂಚಿಕೆಯು ದೋಷವನ್ನು ಹರಡದಂತೆ ತಡೆಯುತ್ತದೆಯೇ ಹೊರತು ಪರಿಹರಿಸುವುದಿಲ್ಲ. ಮುಂದೆ ಈ ದಾಖಲೆಗಳು ರಾಜ್ಯಮಟ್ಟದ ಕೇಂದ್ರಕ್ಕೆ ಸೇರಿದವು. ಕೇಂದ್ರವೊಂದೇ ಆದಾಗ, ಅದಕ್ಕೆ ಪ್ರತಿರೂಪವಿಲ್ಲದಿದ್ದರೆ, ಅದರ ದೋಷ ಎಲ್ಲರ ದೋಷವಾಗುತ್ತದೆ. ಆದ್ದರಿಂದ ಒಂದೇ ದಾಖಲೆಯ ಹಲವು ಪ್ರತಿಗಳನ್ನು ಬೇರೆ ಬೇರೆ ಕಡೆ ಇರಿಸುವುದೇ ಮೊದಲ ಉಪಾಯ.

ಪ್ರತಿಗಳು ಹೆಚ್ಚಿದಂತೆ ಅವುಗಳ ನಡುವೆ ಸಹಮತದ ಪ್ರಶ್ನೆ ಏಳುತ್ತದೆ. ಹಾನಗಲ್ಲು, ಶಿಗ್ಗಾವಿ, ಸವಣೂರುಗಳಲ್ಲಿ ಒಂದೊಂದು ಗಣಕವಿದೆಯೆಂದು ಊಹಿಸೋಣ. ಹಾನಗಲ್ಲು ಒಂದು ಹೆಸರನ್ನು ಕಳುಹಿಸಿತು. ಶಿಗ್ಗಾವಿಯು ‘ಹಾನಗಲ್ಲು ನನಗೆ ಬೇರೆ ಹೆಸರು ಹೇಳಿತು’ ಎನ್ನುತ್ತದೆ. ತಪ್ಪು ಯಾರದೆಂದು ಸವಣೂರು ನಿರ್ಣಯಿಸಲಾರದು. ನಾಲ್ಕನೆಯದಾಗಿ ಹಿರೇಕೆರೂರು ಸೇರಿದರೆ ಸಹಮತ ಸಾಧ್ಯ. ಸಂದೇಶಕ್ಕೆ ಸಹಿಯ ರಕ್ಷಣೆ ಇಲ್ಲದಿರುವಲ್ಲಿ ಒಂದು ವಂಚಕ ಘಟಕವನ್ನು ಸಹಿಸಲು ಕನಿಷ್ಠ ನಾಲ್ಕು ಘಟಕಗಳು ಬೇಕೆಂಬುದನ್ನು ಲ್ಯಾಂಪೋರ್ಟ್, ಶೋಸ್ಟಾಕ್ ಮತ್ತು ಪೀಸ್ ೧೯೮೨ರಲ್ಲಿ ‘ಬೈಜಾಂಟಿಯನ್ ಸೇನಾನಿಗಳ ಸಮಸ್ಯೆ’ ಎಂಬ ರೂಪಕದ ಮೂಲಕ ಪ್ರತಿಪಾದಿಸಿದರು.

ಇಂಥ ವ್ಯವಸ್ಥೆ ಬೆಳೆದಂತೆ ಮನುಷ್ಯನ ಮೇಲ್ವಿಚಾರಣೆ ಸಾಲದಾಗುತ್ತದೆ. ೨೦೦೧ರಲ್ಲಿ ಐಬಿಎಂ ಸಂಸ್ಥೆ ಸ್ವನಿರ್ವಹಣೆಯ ಪರಿಕಲ್ಪನೆಯನ್ನು ಮುಂದಿಟ್ಟಿತು. ನಾವು ಗಮನಿಸದಿದ್ದರೂ ಹೃದಯದ ಬಡಿತವನ್ನು ನಿಯಂತ್ರಿಸುವ ನರಮಂಡಲವೇ ಅದಕ್ಕೆ ಮಾದರಿ. ತನ್ನನ್ನು ತಾನು ಹೊಂದಿಸಿಕೊಳ್ಳುವುದು, ಗುಣಪಡಿಸಿಕೊಳ್ಳುವುದು, ಉತ್ತಮಪಡಿಸಿಕೊಳ್ಳುವುದು, ರಕ್ಷಿಸಿಕೊಳ್ಳುವುದು ಅದರ ನಾಲ್ಕು ಲಕ್ಷಣಗಳು. ವ್ಯವಸ್ಥೆಯು ತನ್ನ ಸ್ಥಿತಿಯನ್ನು ಗಮನಿಸಿ, ವಿಶ್ಲೇಷಿಸಿ, ಯೋಜಿಸಿ, ಕಾರ್ಯಗತಗೊಳಿಸಿ ಮತ್ತೆ ಗಮನಿಸುತ್ತದೆ. ಒಂದು ಪ್ರತಿ ಸತ್ತರೆ ಉಳಿದವುಗಳಿಂದ ಹೊಸದನ್ನು ಸೃಷ್ಟಿಸಿಕೊಳ್ಳುತ್ತದೆ.

ಇದರ ಮಿತಿಯನ್ನು ಗ್ರಂಥಸಂಪಾದನಶಾಸ್ತ್ರದ ಅಭ್ಯಾಸಿಗಳು ಬೇಗನೆ ಗುರುತಿಸಬಲ್ಲರು. ಸರ್ವಜ್ಞನ ಊರೆಂದು ಪರಂಪರೆ ಹೇಳುವ ಅಬಲೂರು ಹಿರೇಕೆರೂರು ತಾಲ್ಲೂಕಿನಲ್ಲಿದೆ. ೧೯೨೪ರಲ್ಲಿ ಚನ್ನಪ್ಪ ಉತ್ತಂಗಿಯವರು ಸರ್ವಜ್ಞನ ವಚನಗಳನ್ನು ಸಂಪಾದಿಸಿ ಪ್ರಕಟಿಸಿದರು. ಬಹುಪ್ರತಿಗಳ ಪಾಠವೇ ಶುದ್ಧಪಾಠವಲ್ಲವೆಂಬುದು ಇಂಥ ಸಂಪಾದನೆಯ ಮೂಲಪಾಠ. ಒಂದೇ ದೋಷಯುಕ್ತ ಮಾತೃಕೆಯಿಂದ ಇಳಿದ ಹತ್ತು ಓಲೆಪ್ರತಿಗಳು ಹತ್ತು ಸಾಕ್ಷಿಗಳಾಗುವುದಿಲ್ಲ. ಗಣಕಗಳಿಗೂ ಇದು ಅನ್ವಯಿಸುತ್ತದೆ. ಒಂದೇ ತಂತ್ರಾಂಶದ ದೋಷ ಎಲ್ಲ ಪ್ರತಿಗಳನ್ನೂ ಒಟ್ಟಿಗೆ ಕೆಡಿಸಬಲ್ಲದು. ಪಹಣಿಯಲ್ಲಿ ಮೊದಲೇ ತಪ್ಪಾಗಿ ನಮೂದಾದ ಹೆಸರನ್ನು ನಾಲ್ಕು ಗಣಕಗಳೂ ಒಮ್ಮತದಿಂದ, ನಿಷ್ಠೆಯಿಂದ ಕಾಪಾಡುತ್ತವೆ.

ಹೀಗಾಗಿ ಸಹಮತ ಬೇರೆ, ಸತ್ಯ ಬೇರೆ. ದಾಖಲೆ ಅಳಿಯದಂತೆ ನೋಡಿಕೊಳ್ಳುವುದು ಯಂತ್ರಕ್ಕೆ ಸಾಧ್ಯ. ದಾಖಲೆಯನ್ನು ಹೊಲದೊಂದಿಗೆ ಹೋಲಿಸಿ ತಿದ್ದುವ ಸಂಪಾದಕನ ಕೆಲಸ ಇನ್ನೂ ಮನುಷ್ಯನದೇ.