ಕಲ್ಲಿನ ರಥಕ್ಕೊಂದು ಶಿಖರವಿತ್ತು!

ಬೆಂಗಳೂರಿನ ಹೇರೋಹಳ್ಳಿಯ ಯಾವುದಾದರೂ ಬೇಕರಿಯಲ್ಲಿ ಟೀ ಕುಡಿದು ದುಡ್ಡು ಕೊಡುವ ಮುಂಚೆ, ಜೇಬಿನಲ್ಲಿರುವ 50 ರೂಪಾಯಿಯ ನೀಲಿ ನೋಟನ್ನೊಮ್ಮೆ ತಿರುಗಿಸಿ ನೋಡಿ. ಹಂಪಿಯ ವಿಠ್ಠಲ ದೇವಸ್ಥಾನದ ಕಲ್ಲಿನ ರಥ! ನೆತ್ತಿ ಬೋಳು. ಶಾಲೆಯ ಪ್ರವಾಸದಿಂದ ಹಿಡಿದು ಇವತ್ತಿನವರೆಗೆ ನಾವು ಕಂಡ ರಥ ಇದೇ.

ಈಗ 1856ರ ಒಂದು ಕಂದು ಫೋಟೋ ನೋಡಿ. ಅದೇ ವಿಠ್ಠಲ ದೇವಸ್ಥಾನ, ಅದೇ ರಥ. ಆದರೆ ತಲೆಯ ಮೇಲೆ ಇಟ್ಟಿಗೆ ಗಾರೆಯ ಶಿಖರ! ನಾನಂತೂ ಬೆಚ್ಚಿಬಿದ್ದೆ. ರಥದ ಆಕಾರದಲ್ಲಿರುವುದು ಗರುಡನ ಗುಡಿ. ಗುಡಿ ಅಂದಮೇಲೆ ಶಿಖರ ಬೇಡವೇ? ಅದು ಆಮೇಲೆ ಇಲ್ಲವಾಯಿತು. ಉಳಿದದ್ದು ಕಾಗದದ ಮೇಲೆ ಮಾತ್ರ.

ಹೌದು, ಕಾಗದ! ಆ ಫೋಟೋ ತೆಗೆದ ಮದ್ರಾಸ್ ಸೈನ್ಯದ ಅಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ ಬಳಸಿದ್ದು ಫಿಲ್ಮ್ ಅಲ್ಲ, ಗಾಜೂ ಅಲ್ಲ. ಕಾಗದಕ್ಕೆ ಬಿಸಿ ಮೇಣ ಕುಡಿಸಬೇಕು, ಅದರಲ್ಲಿ ಬೆಳಕು ಹಾಯುವಂತಾಗಬೇಕು. ಜೊತೆಗೆ ಅಯೋಡೈಡ್ ದ್ರಾವಣ, ಅದರ ಮೇಲೆ ಸಿಲ್ವರ್ ನೈಟ್ರೇಟ್. ದೊಡ್ಡದು ಮಾಡಿ ಮುದ್ರಿಸುವ ಸೌಕರ್ಯವಿಲ್ಲದ ಕಾಲ. ಫೋಟೋ ಎಷ್ಟು ದೊಡ್ಡದೋ ನೆಗೆಟಿವ್ ಅಷ್ಟೇ ದೊಡ್ಡದು, ಅದನ್ನು ಹಿಡಿಸುವ ಕ್ಯಾಮೆರಾ ಪೆಟ್ಟಿಗೆ ಇನ್ನೂ ದೊಡ್ಡದು. ಹಂಪಿಯ ಬಿಸಿಲಿನಲ್ಲಿ ಅದನ್ನು ಬಂಡೆಗಳ ನಡುವೆ ಹೊತ್ತು ತಿರುಗಿದವರ ಹೆಸರು ನನಗೆ ಗೊತ್ತಿಲ್ಲ, ಬಿಡಿ. ಒಂದೊಂದು ಚಿತ್ರಕ್ಕೂ ನಿಮಿಷಗಟ್ಟಲೆ ಬೆಳಕು ಬೇಕು. ಅಷ್ಟರಲ್ಲಿ ಎದುರಿಗೆ ನಡೆದುಹೋದವರು ಚಿತ್ರದಲ್ಲಿ ಮೂಡುವುದೇ ಇಲ್ಲ! ಊರೆಲ್ಲ ಖಾಲಿಯಾಗಿ ಕಾಣುವ ಗುಟ್ಟು ಇದೇ.

ಇದಕ್ಕೂ ಮುಂಚೆ, 1854ರ ಡಿಸೆಂಬರಿನಲ್ಲಿ, ಬೆಂಗಳೂರಿನಲ್ಲಿದ್ದ ಲಿನಿಯಸ್ ಟ್ರೈಪ್ ಎಂಬ ಸೈನಿಕ ಬೇಲೂರು, ಹಳೇಬೀಡುಗಳಿಗೆ ಹೋಗಿ ಫೋಟೋ ತೆಗೆದಿದ್ದ. ಆಗಿನ ರಸಾಯನಕ್ಕೆ ನೀಲಿ ಬಣ್ಣ ಸಿಕ್ಕಾಪಟ್ಟೆ ತಾಗುತ್ತಿದ್ದರಿಂದ ಆಕಾಶವೆಲ್ಲ ಬಿಳಿಚಿಕೊಳ್ಳುತ್ತಿತ್ತು. ಟ್ರೈಪ್ ಏನು ಮಾಡುತ್ತಿದ್ದ ಗೊತ್ತೇ? ಕುಂಚ ಹಿಡಿದು ನೆಗೆಟಿವ್ ಮೇಲೆ ಮೋಡ ಬರೆಯುತ್ತಿದ್ದ!

ಆ ಕಾಲದ ಫೋಟೋಗಳ ಕಂದು ಬಣ್ಣವೂ ಅಲಂಕಾರವಲ್ಲ. ಉಪ್ಪು ಸವರಿದ ಕಾಗದದ ಮೇಲೆ ಮುದ್ರಿಸಿದಾಗ ಬೆಳ್ಳಿಯ ಕಣಗಳು ಅತಿ ಸೂಕ್ಷ್ಮವಾಗಿ ಮೂಡುತ್ತವೆ, ಹಾಗಾಗಿ ಕಪ್ಪಿನ ಬದಲು ಕಂದು ಕಾಣುತ್ತದೆ. ಮೊಬೈಲಿನ ಸೆಪಿಯಾ ಫಿಲ್ಟರ್ ಹಾಗಲ್ಲ. ಒತ್ತಿದರೆ ನಿನ್ನೆ ಕಟ್ಟಿದ ಕಲ್ಯಾಣ ಮಂಟಪಕ್ಕೂ ನೂರು ವರ್ಷ ವಯಸ್ಸಾಗುತ್ತದೆ. ನನ್ನನ್ನು ಕೇಳಿದರೆ ಅದು ಬೇಡ. ಹಳೇ ಕಟ್ಟಡಕ್ಕೆ ಕಪ್ಪು ಬಿಳುಪು ಸಾಕು, ಬೆಳಕು ಪಕ್ಕದಿಂದ ಬೀಳಬೇಕು ಅಷ್ಟೆ. ಆಗ ಉಳಿಯ ಗೆರೆಯೂ ಎದ್ದು ಬರುತ್ತದೆ.

1983ರಲ್ಲಿ ಆಸ್ಟ್ರೇಲಿಯಾದ ಜಾನ್ ಗೋಲಿಂಗ್ಸ್ ಹಂಪಿಗೆ ಬಂದು, ಗ್ರೀನ್‌ಲಾ ಕ್ಯಾಮೆರಾ ಇಟ್ಟಿದ್ದ ಜಾಗಗಳನ್ನೇ ಹುಡುಕಿ ಮತ್ತೆ ಕ್ಲಿಕ್ಕಿಸಿದರು. ಎರಡನ್ನೂ ಅಕ್ಕಪಕ್ಕ ಇಟ್ಟರೆ ಏನು ಬಿತ್ತು, ಏನು ಉಳಿಯಿತು, ಎಲ್ಲ ಎದುರಿಗೇ!

ನೀವೂ ಹೀಗೆ ಒಂದು ಫೋಟೋ ತೆಗೆದಿಡಬಹುದು. ಹೇರೋಹಳ್ಳಿಯಿಂದ ಮಾಗಡಿ ರಸ್ತೆ ಹಿಡಿದರೆ ಮಾಗಡಿಯ ಸೋಮೇಶ್ವರ ದೇವಸ್ಥಾನವಿದೆ. ಬೆಳಗ್ಗೆ ಬೇಗ ಹೊರಡಿ. ಅಷ್ಟು ದೂರ ಆಗದಿದ್ದರೆ, ನಿಮ್ಮ ಬೀದಿಯಲ್ಲಿ ಒಂದು ಹೆಂಚಿನ ಮನೆ ಉಳಿದಿದೆಯೇ ನೋಡಿ. ಮನೆಯವರನ್ನು ಕೇಳಿ, ಜಗಲಿಯಿಂದ ಸೂರಿನ ತುದಿಯವರೆಗೆ ಪೂರ್ತಿ ಬರುವಂತೆ ನೇರ ಎದುರಿಗೆ ನಿಂತು ತೆಗೆಯಿರಿ. ಒಂದು ಪ್ರಿಂಟ್ ಹಾಕಿಸಿ, ಹಿಂದೆ ಊರು, ಬೀದಿ, ತಾರೀಖು ಬರೆದಿಡಿ.