ನಮ್ಮದೆಂದುಕೊಂಡ ಆಟ

ವರಮಹಾಲಕ್ಷ್ಮೀ ವ್ರತದ ಮುನ್ನಾದಿನ ಹೊಸೂರಿನಲ್ಲಿ ಹೂವಿನದೇ ರಾಜ್ಯಭಾರ. ಬಾಗಲೂರು, ತಳಿ ಕಡೆಯ ತೋಟಗಳಿಂದ ಬಂದಿಳಿದ ಗುಲಾಬಿ ಸೇವಂತಿಗೆಗಳ ಮೂಟೆಗಳು ಬೆಂಗಳೂರಿನ ಹಾದಿ ಹಿಡಿಯುವ ಮೊದಲು ಊರಿನ ಬೀದಿಗಳನ್ನೆಲ್ಲ ಸುಗಂಧಮಯಗೊಳಿಸಿ, ಬೆಲೆಯನ್ನು ಮಾತ್ರ ಬಡವನ ಕೈಗೆಟುಕದಷ್ಟು ಎತ್ತರಕ್ಕೇರಿಸಿ ಹೋಗುತ್ತವೆ. 2018ನೆಯ ಇಸವಿ ಆಗಸ್ಟ್ 23ನೆಯ ಗುರುವಾರ, ಅಂತಹ ದಿನವೊಂದರಲ್ಲಿ, ನಾಲ್ಕು ಮೊಳ ಸೇವಂತಿಗೆಯನ್ನು ಬಾಳೆಯೆಲೆಯಲ್ಲಿ ಕಟ್ಟಿಸಿಕೊಂಡು ಮನೆಗೆ ಮರಳುತ್ತಿದ್ದ ನಾನು, ಪರಿಚಿತರ ಅಂಗಡಿಯೊಂದರ ಮುಂದೆ ಜನ ಕಿಕ್ಕಿರಿದು ಟಿ.ವಿ. ನೋಡುತ್ತಿದ್ದುದನ್ನು ಕಂಡು, ಎರಡು ನಿಮಿಷ ನಿಂತು ಹೋದರಾಯಿತೆಂದು ನಿಂತವನು, ಪಂದ್ಯ ಮುಗಿಯುವವರೆಗೂ ಕದಲಲಿಲ್ಲ. ಮುಗಿದಾಗ ಕೈಯಲ್ಲಿದ್ದ ಹೂವಿನ ಪೊಟ್ಟಣ ನಜ್ಜುಗುಜ್ಜಾಗಿತ್ತು. ಜಕಾರ್ತದ ಏಷ್ಯನ್ ಕ್ರೀಡಾಕೂಟದ ಕಬಡ್ಡಿ ಉಪಾಂತ್ಯದಲ್ಲಿ ಇರಾನ್ ತಂಡ ಭಾರತವನ್ನು 27–18ರಿಂದ ಸೋಲಿಸಿತ್ತು.

ಈ ಅಂಕಗಳ ಅರ್ಥಗೌರವವನ್ನು ಅರಿಯಬೇಕಾದರೆ ಹಿಂದಿನ ಕಥೆಯನ್ನು ಕೊಂಚ ತಿಳಿದಿರಬೇಕು. 1990ರ ಬೀಜಿಂಗ್ ಕೂಟದಲ್ಲಿ ಕಬಡ್ಡಿಗೆ ಮೊತ್ತಮೊದಲು ಪದಕದ ಮಾನ್ಯತೆ ದೊರೆತಂದಿನಿಂದ 2014ರ ಇಂಚೆಯಾನ್ ಕೂಟದವರೆಗೆ, ಏಳಕ್ಕೆ ಏಳು ಸ್ವರ್ಣಪದಕಗಳನ್ನೂ ಭಾರತದ ಪುರುಷರೇ ಗೆದ್ದಿದ್ದರು. ಬೇರೆ ಆಟಗಳಲ್ಲಿ ಗೆದ್ದರೆ ಸಂತೋಷಪಡುವ ನಾವು ಕಬಡ್ಡಿಯಲ್ಲಿ ಗೆದ್ದರೆ ಸಂತೋಷವನ್ನೂ ಪಡುತ್ತಿರಲಿಲ್ಲ. ಮನೆಯ ಹಿತ್ತಲಿನ ನುಗ್ಗೆಕಾಯಿಯನ್ನು ಕೊಯ್ದುಕೊಂಡಷ್ಟೇ ಸಹಜವೆಂದು ಭಾವಿಸುತ್ತಿದ್ದೆವು. ಹಾಗೆ ಸಹಜವೆಂದುಕೊಂಡದ್ದು ಕೈತಪ್ಪಿದಾಗ ಆಗತಕ್ಕ ವ್ಯಥೆಗೆ ಅವಮಾನದ ಒಗರೂ ಬೆರೆತಿರುತ್ತದೆ.

ನಮ್ಮ ಸೀಮೆಯಲ್ಲಿ ಈ ಆಟಕ್ಕೆ ಹೆಸರುಗಳು ಹಲವು. ತಮಿಳರು ಸಡುಗುಡು ಎನ್ನುತ್ತಾರೆ. ತೆಲುಗರು ಚೆಡುಗುಡು ಎನ್ನುತ್ತಾರೆ. ಎರಡು ಭಾಷೆಗಳ ನಡುವೆ ಬಾಳುವ ಹೊಸೂರಿನ ಕನ್ನಡಿಗರಾದ ನಾವು ಬಾಯಿಗೆ ಬಂದದ್ದನ್ನು ಅಂದು, ಬರೆಯುವಾಗ ಮಾತ್ರ ಕಬಡ್ಡಿ ಎಂದು ಬರೆಯುತ್ತೇವೆ. ಸುಗ್ಗಿ ಮುಗಿದ ಹೊಲದಲ್ಲಿ ಬೂದಿಯಿಂದಲೋ ಸುಣ್ಣದಿಂದಲೋ ಎಳೆದ ಗೆರೆಯೇ ನಮ್ಮ ಅಂಕಣ. ಮುಟ್ಟಿಸಿಕೊಂಡು ಹೊರಗಾದವನನ್ನು ‘ಸತ್ತ’ ಎನ್ನುತ್ತಿದ್ದೆವು. ಎದುರಾಳಿಯೊಬ್ಬ ಹೊರಬಿದ್ದಾಗ ಅವನು ಮರಳಿ ಬದುಕುತ್ತಿದ್ದ. ದಿನಕ್ಕೆ ಹತ್ತು ಸಲ ಸತ್ತು ಹತ್ತು ಸಲ ಬದುಕಿ, ಮೊಣಕಾಲು ಕೆತ್ತಿಸಿಕೊಂಡು ಮನೆಗೆ ಬರುವ ಮಕ್ಕಳಿಗೆ ಅಮ್ಮಂದಿರಿಂದ ದೊರೆಯುತ್ತಿದ್ದ ಸತ್ಕಾರವನ್ನು ಇಲ್ಲಿ ವರ್ಣಿಸಬೇಕಾದುದಿಲ್ಲ.

ಅಂತರರಾಷ್ಟ್ರೀಯ ಕಬಡ್ಡಿಯೂ ಮೂಲದಲ್ಲಿ ಅದೇ ಆಟ. 13 ಮೀಟರ್ ಉದ್ದ, 10 ಮೀಟರ್ ಅಗಲದ ಅಂಕಣ, ನಡುವೆ ಒಂದು ಗೆರೆ, ಆಚೀಚೆ ಏಳೇಳು ಮಂದಿ, 20 ನಿಮಿಷಗಳ ಎರಡು ಅವಧಿ. ಒಬ್ಬನೇ ಗೆರೆ ದಾಟಿ ಒಳನುಗ್ಗಿ, ಉಸಿರು ಬಿಡದೆ ‘ಕಬಡ್ಡಿ, ಕಬಡ್ಡಿ’ ಎನ್ನುತ್ತ, 30 ಸೆಕೆಂಡುಗಳೊಳಗೆ ಯಾರನ್ನಾದರೂ ಮುಟ್ಟಿ, ಹಿಡಿತಕ್ಕೆ ಸಿಕ್ಕದೆ ಸ್ವಸ್ಥಾನಕ್ಕೆ ಮರಳಬೇಕು. ಬೆಳಗ್ಗೆ ಜೂಜುವಾಡಿಯ ಗಡಿ ದಾಟಿ ಬೆಂಗಳೂರಿಗೆ ದುಡಿಯಲು ಹೋಗಿ, ವಾಹನಗಳ ಸಂದಣಿಯಲ್ಲಿ ಯಾರ ಕೈಗೂ ಸಿಕ್ಕದೆ ರಾತ್ರಿಗೆ ಮನೆ ಸೇರತಕ್ಕ ನಮ್ಮೂರಿನ ಸಹಸ್ರಾರು ಜನರಿಗೆ ಈ ಆಟದ ಮರ್ಮವನ್ನು ಬೇರೆಯಾಗಿ ಬೋಧಿಸಬೇಕೆ?

ಅಂದಿನ ತಂಡವಂತೂ ಹೊಸೂರಿಗಾಗಿಯೇ ಆಯ್ದು ಜೋಡಿಸಿದಂತಿತ್ತು. ಪ್ರೊ ಕಬಡ್ಡಿ ಲೀಗಿನ ಕಾಲದಲ್ಲಿ ನಮ್ಮ ಊರು ಎರಡು ಪಕ್ಷವಾಗುತ್ತದೆ. ಒಂದು ಪಕ್ಷ ತಮಿಳ್ ತಲೈವಾಸ್ ತಂಡದ್ದಾದರೆ ಇನ್ನೊಂದು ಬೆಂಗಳೂರು ಬುಲ್ಸ್ ತಂಡದ್ದು. ಒಂದೇ ಮನೆಯಲ್ಲಿ ಅಣ್ಣ ಆ ಕಡೆ, ತಮ್ಮ ಈ ಕಡೆ. ಜಕಾರ್ತಕ್ಕೆ ತೆರಳಿದ ಭಾರತ ತಂಡದ ನಾಯಕ ಅಜಯ್ ಠಾಕೂರ್ ತಲೈವಾಸ್ ತಂಡದ ನಾಯಕರಾಗಿದ್ದವರು. ಬುಲ್ಸ್ ತಂಡವನ್ನು ನಡೆಸುತ್ತಿದ್ದ ರೋಹಿತ್ ಕುಮಾರ್ ಸಹ ಅದೇ ಭಾರತ ತಂಡದಲ್ಲಿದ್ದರು. ಆದಕಾರಣ ಅಂದು ಅಂಗಡಿಯ ಮುಂದೆ ಎರಡು ಪಕ್ಷದವರೂ, ಅಪರೂಪಕ್ಕೆಂಬಂತೆ, ಒಂದೇ ಬೆಂಚಿನ ಮೇಲೆ ಕುಳಿತಿದ್ದರು.

ಆರಂಭದಲ್ಲಿ ಭಯಕ್ಕೆ ಕಾರಣವಿರಲಿಲ್ಲ. ಹೊತ್ತು ಹೋದಂತೆಲ್ಲ ನಮ್ಮ ದಾಳಿಗಾರರು ಗೆರೆ ದಾಟಿ ಹೋದವರು ಮರಳುವುದು ವಿರಳವಾಯಿತು. ಇರಾನಿನ ಎಡಮೂಲೆಯಲ್ಲಿ ಫಜಲ್ ಅತ್ರಾಚಲಿ ಎಂಬ ಆಟಗಾರ, ಪೈರಿನ ಬದಿಯಲ್ಲಿ ಹೊಂಚುಹಾಕಿ ಕುಳಿತ ಬೆಕ್ಕಿನಂತೆ, ಎದುರಾಳಿಯ ಕಾಲು ತಾನಾಗಿಯೇ ಹತ್ತಿರ ಬರುವವರೆಗೆ ಕಾಯುತ್ತಿದ್ದರು. ಕಾಲು ಕೈಗೆ ಸಿಕ್ಕ ಕ್ಷಣದಲ್ಲಿ ಉಳಿದವರೆಲ್ಲ ಒಂದೇ ದೇಹವೆಂಬಂತೆ ಮೇಲೆರಗುತ್ತಿದ್ದರು. ನಮ್ಮ ನಾಯಕರು ನಡುವೆ ಗಾಯಗೊಂಡು ಹೊರನಡೆಯಬೇಕಾಯಿತು. ಆಮೇಲಿನದು ಆತುರದ ಆಟ. ನನ್ನ ಪಕ್ಕದಲ್ಲಿ, ಯೌವನದಲ್ಲಿ ಸುತ್ತಲ ಹತ್ತೂರುಗಳಲ್ಲಿ ಚೆಡುಗುಡು ಆಡಿ ಹೆಸರು ಮಾಡಿದ್ದ ಹಿರಿಯರೊಬ್ಬರು, ಬೀದಿಗೆಲ್ಲ ದೊಡ್ಡಪ್ಪನಾದವರು, ಪಂಚೆಯನ್ನು ಮೊಣಕಾಲಿನವರೆಗೆ ಮಡಿಸಿ ಕುಳಿತಿದ್ದರು.

“ಏನಾಯ್ತು ದೊಡ್ಡಪ್ಪಾ ನಮ್ಮೋರಿಗೆ?” ಎಂದೆ.

“ನೋಡಪ್ಪಾ, ಅವನಿನ್ನೂ ಒಳಕ್ಕೇ ಬಂದಿಲ್ಲ, ಆಗ್ಲೇ ಇವನು ಹೋಗಿ ಕಾಲಿಗೆ ಬಿದ್ದ. ಕಾಯ್ಬೇಕಿತ್ತು,” ಎಂದರು, ಮತ್ತೆ ಮಾತನಾಡಲಿಲ್ಲ.

ಮರುದಿನದ ಪತ್ರಿಕೆಗಳಲ್ಲಿ ಬಂದ ಕಾರಣಗಳನ್ನೆಲ್ಲ ಓದಿ ನೋಡಲಾಗಿ, ದೊಡ್ಡಪ್ಪನ ಆ ಒಂದು ಮಾತಿಗಿಂತ ಹೆಚ್ಚಿನದು ನನಗೆ ದೊರೆಯಲಿಲ್ಲ. ಎರಡು ವರ್ಷಗಳ ಹಿಂದೆ, 2016ರ ವಿಶ್ವಕಪ್ಪಿನ ಅಂತಿಮ ಪಂದ್ಯದಲ್ಲಿ, ಅಹಮದಾಬಾದಿನಲ್ಲಿ ಇದೇ ಇರಾನನ್ನು 38–29ರಿಂದ ಸೋಲಿಸಿದ್ದ ಭಾರತ, ಜಕಾರ್ತದಲ್ಲಿ ಗಳಿಸಿದ್ದು ಬರಿಯ 18 ಅಂಕ. ಸೂಚನೆಗಳು ಮೊದಲೇ ಇರಲಿಲ್ಲವೆ? ಇದ್ದವು. ಇಂಚೆಯಾನಿನ ಅಂತಿಮ ಪಂದ್ಯದಲ್ಲಿ ಇರಾನಿನ ಮೇಲೆ ನಮ್ಮ ಗೆಲುವಿನ ಅಂತರ ಎರಡೇ ಅಂಕ, 27–25. ಅದೇ 2016ರ ವಿಶ್ವಕಪ್ಪಿನ ಉದ್ಘಾಟನೆಯ ಪಂದ್ಯದಲ್ಲಿ ದಕ್ಷಿಣ ಕೊರಿಯ ನಮ್ಮನ್ನು 34–32ರಿಂದ ಮಣಿಸಿತ್ತು. ಜಕಾರ್ತದಲ್ಲಿಯೇ, ಆಗಸ್ಟ್ 20ರಂದು, ಅದೇ ಕೊರಿಯ ಒಂದಂಕದಿಂದ, 24–23ರಿಂದ, ನಮ್ಮನ್ನು ಸೋಲಿಸಿ ಏಷ್ಯನ್ ಕೂಟದ ಕಬಡ್ಡಿಯಲ್ಲಿ ನಮ್ಮ ಪುರುಷರಿಗೆ ಪ್ರಥಮ ಪರಾಜಯದ ರುಚಿ ತೋರಿಸಿತ್ತು. ಬಾಗಿಲನ್ನು ಮೂರು ಸಲ ತಟ್ಟಿದವನು ನಾಲ್ಕನೆಯ ಸಲ ಒಳಗೇ ಬಂದ. ಮನೆಯವರು ಮಾತ್ರ ಗಾಳಿಗೆ ಬಾಗಿಲು ಬಡಿಯಿತೆಂದುಕೊಂಡಿದ್ದರು.

ಮರುದಿನ ಶುಕ್ರವಾರ, ಹಬ್ಬ. ಕಲಶಕ್ಕೆ ಸೀರೆ ಉಡಿಸಿ, ಲಕ್ಷ್ಮಿಯ ಮುಖವಿಟ್ಟು, ನನ್ನ ಬಾಡಿದ ಸೇವಂತಿಗೆಯನ್ನೇ ಅಲಂಕರಿಸಿ ಪೂಜಿಸಿದ ನಮ್ಮ ಮನೆಯ ಹೆಂಗಸರು ಟಿ.ವಿ. ಮುಂದೆ ಕುಳಿತಾಗ, ಅಂಕಣದಲ್ಲಿದ್ದವರೂ ಹೆಂಗಸರೇ. ಮಹಿಳೆಯರ ಕಬಡ್ಡಿ ಏಷ್ಯನ್ ಕೂಟಕ್ಕೆ ಸೇರಿದ 2010ರಿಂದ ಎರಡು ಸಲವೂ ಸ್ವರ್ಣ ಭಾರತದ್ದೇ. ಆ ಎರಡೂ ಸ್ವರ್ಣಗಳಲ್ಲಿ ಕಾರ್ಕಳ ಸೀಮೆಯ ಮಮತಾ ಪೂಜಾರಿಯವರ ಪಾಲಿತ್ತೆಂಬುದು ಕನ್ನಡಿಗರೆಲ್ಲರ ಹೆಮ್ಮೆ. ಜಕಾರ್ತದ ತಂಡದಲ್ಲಿಯೂ ಕರ್ನಾಟಕದ ಉಷಾರಾಣಿ ಇದ್ದರು. ಆದರೆ ಆ ದಿನವೂ ಇರಾನಿನದೇ ಆಯಿತು, 27–24. ಅವರ ಗೆಲುವಿಗೆ ಮೂಲಕಾರಣರಾದವರ ಹೆಸರು ಕೇಳಿದಾಗ ನಮ್ಮ ಮನೆಯಲ್ಲಿ ಕ್ಷಣಕಾಲ ಮಾತು ನಿಂತಿತು. ಇರಾನಿನ ಹುಡುಗಿಯರಿಗೆ ಶಿಕ್ಷಣ ಕೊಟ್ಟವರು ನಾಸಿಕದ ಶೈಲಜಾ ಜೈನ್, ನಮ್ಮವರೇ.

ಪುರುಷರ ಕಥೆಯೂ ಇದಕ್ಕಿಂತ ಭಿನ್ನವಲ್ಲ. ಅತ್ರಾಚಲಿಯವರು ಆಟವನ್ನು ಹದಮಾಡಿಕೊಂಡದ್ದು ನಮ್ಮ ಲೀಗಿನಲ್ಲಿಯೇ. 2018ರ ಹರಾಜಿನಲ್ಲಿ ಮುಂಬಯಿಯ ತಂಡ ಅವರಿಗೆ 1 ಕೋಟಿ ರೂಪಾಯಿ ತೆತ್ತಿತ್ತು. ಕೊರಿಯದ ಜಾಂಗ್ ಕುನ್ ಲೀ ಬಂಗಾಳದ ತಂಡದಲ್ಲಿ ಆಡಿ ನಮ್ಮವರ ಹಿಡಿತಗಳ ಪಟ್ಟುಗಳನ್ನೆಲ್ಲ ಮನನ ಮಾಡಿಕೊಂಡವರು. ಕುಸ್ತಿಯ ಪ್ರಾಚೀನ ಪರಂಪರೆಯುಳ್ಳ ಇರಾನಿಗೆ ತೋಳ್ಬಲವನ್ನು ನಾವು ಕಲಿಸಬೇಕಾಗಿರಲಿಲ್ಲ. ಆಟವನ್ನು ಕಲಿಸಿದೆವು, ಅವರು ಅದಕ್ಕೆ ತಾಳ್ಮೆಯನ್ನು ಕೂಡಿಸಿಕೊಂಡರು. ಶಿಷ್ಯನಿಂದ ಸೋಲುವುದು ಗುರುವಿಗೆ ಭೂಷಣವೆಂದು ಹಿರಿಯರು ಹೇಳುವುದುಂಟು. ಆದರೆ ಬೆಂಚಿನ ಮೇಲೆ ಕುಳಿತ ಅಭಿಮಾನಿಗೆ ಆ ಸಮಾಧಾನ ಅಷ್ಟು ಸುಲಭವಾಗಿ ಗಂಟಲಿನಿಂದ ಕೆಳಗಿಳಿಯುವುದಿಲ್ಲ.

ಇದು ನಮ್ಮೊಬ್ಬರ ಪಾಡೂ ಅಲ್ಲ. ರಗ್ಬಿಯ ಜನ್ಮಭೂಮಿಯಾದ ಇಂಗ್ಲೆಂಡು 2015ರಲ್ಲಿ, ತನ್ನದೇ ನೆಲದಲ್ಲಿ ನಡೆದ ವಿಶ್ವಕಪ್ಪಿನಲ್ಲಿ, ಗುಂಪಿನ ಹಂತವನ್ನೂ ದಾಟದೆ ಹೊರಬಿದ್ದಿತು. ಒಲಿಂಪಿಕ್ ಹಾಕಿಯಲ್ಲಿ ಆರು ಸ್ವರ್ಣಗಳನ್ನು ಸಾಲಾಗಿ ಗೆದ್ದಿದ್ದ ಭಾರತ 1960ರಲ್ಲಿ ರೋಮಿನಲ್ಲಿ ಪಾಕಿಸ್ತಾನಕ್ಕೆ ಒಂದೇ ಗೋಲಿನಿಂದ ಶರಣಾದಾಗ ನಮ್ಮ ಹಿರಿಯರು ಅನುಭವಿಸಿದ ಸಂಕಟವನ್ನು ನಾವು ಕೇಳಿ ಬಲ್ಲೆವು. ಆಟವೊಂದು ಹುಟ್ಟಿದ ಊರಿನ ಗೆರೆ ದಾಟಿತೆಂದರೆ, ಆ ಊರು ಒಂದಲ್ಲ ಒಂದು ದಿನ ಸೋಲಲೇಬೇಕು.

ಕಬಡ್ಡಿ ಒಲಿಂಪಿಕ್ಸ್ ಸೇರಬೇಕೆಂದು ನಾವೆಲ್ಲ ಹಂಬಲಿಸುತ್ತೇವೆ. ಅಮರಾವತಿಯ ವ್ಯಾಯಾಮ ಮಂಡಲದವರು 1936ರಲ್ಲೇ ಬರ್ಲಿನ್ನಿನಲ್ಲಿ ಅದನ್ನು ಜಗತ್ತಿಗೆ ಪ್ರದರ್ಶಿಸಿ ಬಂದಿದ್ದರು. ಆದರೆ ಒಂದೇ ದೇಶ ಗೆಲ್ಲತಕ್ಕ ಆಟಕ್ಕೆ ಜಗತ್ತು ಮಣೆ ಹಾಕುವುದೆಂತು? ಕಬಡ್ಡಿ ನಮ್ಮದೆಂದು ಹಟ ಹಿಡಿಯುವುದೂ ಅದು ಜಗತ್ತಿನದಾಗಲೆಂದು ಹಾರೈಸುವುದೂ ಒಟ್ಟಿಗೆ ಸಾಗುವ ಮಾತಲ್ಲ.

2023ರ ಅಕ್ಟೋಬರ್ 7ರಂದು ಹಾಂಗ್‌ಝೌ ನಗರದಲ್ಲಿ, ಅಂಕವೊಂದರ ವಿವಾದದಿಂದ ಬಹಳ ಹೊತ್ತು ನಿಂತು ಮತ್ತೆ ನಡೆದ ಅಂತಿಮ ಪಂದ್ಯದಲ್ಲಿ, ಭಾರತದ ಪುರುಷರು ಇರಾನನ್ನು 33–29ರಿಂದ ಸೋಲಿಸಿ ಸ್ವರ್ಣವನ್ನು ಮರಳಿ ಪಡೆದರು. ಅದೇ ದಿನ ಮಹಿಳೆಯರು ಚೈನೀಸ್ ತೈಪೆಯ ಮೇಲೆ ಒಂದೇ ಅಂಕದಿಂದ, 26–25ರಿಂದ, ಗೆದ್ದರು. ಅಂದು ನಮ್ಮ ಬೀದಿಯಲ್ಲಿ ಪಟಾಕಿ ಹಾರಿತು. ಏಳು ಸ್ವರ್ಣಗಳ ಕಾಲದಲ್ಲಿ ಒಂದು ಸಲವೂ ಹಾರಿರಲಿಲ್ಲ.