ಒಬ್ಬರೇ ಮಾತಾಡ್ತಿದಾರೆ, ಆದ್ರೆ ಯಾರ ಜೊತೆ?

ಮೊನೊ ಆಕ್ಟಿಂಗ್ ಅಂದ ಕೂಡ್ಲೇ ನಮ್ಮೆಲ್ಲರ ಕಣ್ಮುಂದೆ ಬರೋದು ಕಾಲೇಜ್ ಫೆಸ್ಟ್. ಐದು ನಿಮಿಷ ಟೈಮು, ತೊಡೆ ಮುರಿದು ಬಿದ್ದಿರೋ ದುರ್ಯೋಧನ, ಇಲ್ಲಾಂದ್ರೆ ಕುಡುಕ ಮಗನ ಮುಂದೆ ಅಳೋ ಅಮ್ಮ. ಯಾರು ಜೋರಾಗಿ ಅತ್ತರೋ ಅವರಿಗೆ ಫಸ್ಟ್ ಪ್ರೈಜ್. ನಾವೂ ಶಿಳ್ಳೆ ಹೊಡೆದವರೇ, ಅದರಲ್ಲಿ ತಪ್ಪೇನಿಲ್ಲ. ಆದರೆ ಇತ್ತೀಚಿನ ನಾಟಕಕಾರರ ಏಕವ್ಯಕ್ತಿ ನಾಟಕಗಳನ್ನೋ ಕಿರುನಾಟಕಗಳನ್ನೋ ಕೈಗೆತ್ತಿಕೊಂಡರೆ ಈ ಅಳತೆಗೋಲು ಉಪಯೋಗಕ್ಕೆ ಬರಲ್ಲ. ಅಲ್ಲಿ ಅಳು ಕಡಿಮೆ, ಸುಳ್ಳು ಜಾಸ್ತಿ.

ಮೊದಲು ಒಂದು ಗೊಂದಲ ಬಿಡಿಸಿಬಿಡೋಣ. ಏಕಾಂಕ ಅಂದರೆ ಒಂದೇ ಅಂಕದ ನಾಟಕ, ಪಾತ್ರಗಳು ಎಷ್ಟು ಬೇಕಾದರೂ ಇರಬಹುದು. ಚಂದ್ರಶೇಖರ ಪಾಟೀಲರ ‘ಕೊಡೆಗಳು’, ‘ಅಪ್ಪ’ ಈ ಜಾತಿಯವು. ಏಕವ್ಯಕ್ತಿ ನಾಟಕ ಅಂದರೆ ರಂಗದ ಮೇಲೆ ಒಬ್ಬರೇ, ಅದು ಗಂಟೆಗಟ್ಟಲೆ ನಡೆದರೂ ಸರಿ.

ಇಬ್ಬರು ಮೂವರು ಇರೋ ನಾಟಕದಲ್ಲಿ ಒಂದು ಪಾತ್ರ ಸುಳ್ಳು ಹೇಳಿದರೆ ಇನ್ನೊಂದು ಪಾತ್ರ ಹಿಡೀತದೆ. ಒಬ್ಬರೇ ಮಾತಾಡುವಾಗ ಹಿಡಿಯೋಕೆ ಅಲ್ಲಿ ಯಾರೂ ಇಲ್ಲ. ಆ ಕೆಲಸ ನೋಡುಗರ ತಲೆಗೆ ಬೀಳುತ್ತೆ. ಹಾಗಾಗಿ ಓದುವಾಗಲೂ ನೋಡುವಾಗಲೂ ನಾವು ಒಂದೇ ಪ್ರಶ್ನೆ ಹಿಡ್ಕೊಂಡು ಕೂರ್ತೀವಿ: ಈ ವ್ಯಕ್ತಿ ಯಾರ ಜೊತೆ ಮಾತಾಡ್ತಿದಾರೆ, ಅವರ ಮುಂದೆ ಏನನ್ನು ಮುಚ್ಚಿಡ್ತಿದಾರೆ?

ಇದಕ್ಕೆ ನಮಗೆ ಗೊತ್ತಿರೋ ಅತ್ಯುತ್ತಮ ಉದಾಹರಣೆ ಗಿರೀಶ ಕಾರ್ನಾಡರ ‘ಒಡಕಲು ಬಿಂಬ’. 2005ರಲ್ಲಿ ಬೆಂಗಳೂರಿನ ರಂಗಶಂಕರದಲ್ಲಿ ಬಂತು. ಕಾರ್ನಾಡರು ಮತ್ತು ಕೆ.ಎಂ. ಚೈತನ್ಯ ಸೇರಿ ನಿರ್ದೇಶನ, ಕನ್ನಡದಲ್ಲಿ ಅರುಂಧತಿ ನಾಗ್, ಇಂಗ್ಲಿಷಿನಲ್ಲಿ ಅರುಂಧತಿ ರಾಜಾ. ಕತೆ ಇಷ್ಟು: ಮಂಜುಳಾ ನಾಯಕ್ ಕನ್ನಡದ ಕತೆಗಾರ್ತಿ. ಇದ್ದಕ್ಕಿದ್ದಂತೆ ಇಂಗ್ಲಿಷಿನಲ್ಲಿ ಒಂದು ಕಾದಂಬರಿ ಬರೀತಾಳೆ, ಅದು ಜಗತ್ತಿನಾದ್ಯಂತ ಮಾರಾಟವಾಗುತ್ತೆ. ಟಿವಿ ಸ್ಟುಡಿಯೋದಲ್ಲಿ ಕ್ಯಾಮೆರಾ ಮುಂದೆ ಕೂತು ಭಾಷಣ ಮಾಡ್ತಾಳೆ. ಕನ್ನಡ ಬಿಟ್ಟಿದ್ದಕ್ಕೆ ಸಮಜಾಯಿಷಿ, ಗಂಡನಿಗೆ ಥ್ಯಾಂಕ್ಸ್, ವೀಲ್‌ಚೇರಿನಲ್ಲೇ ಬದುಕು ಕಳೆದು ತೀರಿಕೊಂಡ ತಂಗಿ ಮಾಲಿನಿಯ ನೆನಪು, ಎಲ್ಲ ಅಚ್ಚುಕಟ್ಟು. ಪ್ರಸಾರ ಮುಗೀತು, ಎದ್ದು ಹೊರಡಬೇಕು. ಪರದೆ ಮೇಲಿರೋ ಅವಳದೇ ಬಿಂಬ ಮಾತ್ರ ಆರಿಹೋಗಲ್ಲ. ಅವಳನ್ನೇ ಪ್ರಶ್ನೆ ಕೇಳೋಕೆ ಶುರು ಮಾಡುತ್ತೆ.

ಆಮೇಲಿನದ್ದನ್ನು ನಾವಿಲ್ಲಿ ಹೇಳಲ್ಲ, ಓದಿ. ಒಂದು ಸುಳಿವು: ಮೊದಲ ಭಾಷಣದ ಪ್ರತಿ ವಾಕ್ಯವನ್ನೂ ನೆನಪಿಟ್ಕೊಳ್ಳಿ. ಮಾಲಿನಿ ಬಗ್ಗೆ ಅವಳು ಪ್ರೀತಿಯಿಂದ ಆಡಿದ ಒಂದೊಂದು ಮಾತೂ ಮುಂದೆ ತಿರುಗಿ ಬರುತ್ತೆ.

ಇಂಜಿನಿಯರಿಂಗ್ ಓದೋ ನಮಗೆ ಇಲ್ಲಿ ಇನ್ನೊಂದು ಮಜಾ ಇದೆ. ಬಿಂಬದ ಮಾತುಗಳೆಲ್ಲ ಮೊದಲೇ ರೆಕಾರ್ಡ್ ಆಗಿರ್ತವೆ. ಪ್ರಶ್ನೆ ಕೇಳಿ ಬಿಂಬ ಮೂರು ಸೆಕೆಂಡ್ ಸುಮ್ಮನಿದ್ದರೆ ಮೂರೇ ಸೆಕೆಂಡಿನಲ್ಲಿ ನಟಿಯ ಉತ್ತರ ಮುಗೀಬೇಕು. ಸಾಲು ಮರೆತರೆ, ಕೆಮ್ಮು ಬಂದರೆ, ನೋಡುಗರು ನಕ್ಕು ಮಾತು ಮುಚ್ಚಿಹೋದರೆ ಬಿಂಬ ಕಾಯಲ್ಲ. ನೋಡೋರಿಗೆ ಇಬ್ಬರ ಜಟಾಪಟಿ ಅನ್ಸುತ್ತೆ, ಆದರೆ ಒಂದು ಕಡೆಗೆ ಕಿವಿಯೇ ಇಲ್ಲ. ಅಪ್ಪಟ ಓಪನ್ ಲೂಪ್! ಇದು ಬರೀ ಟೆಕ್ನಿಕಲ್ ಸರ್ಕಸ್ ಅಂತ ನಮಗನ್ನಿಸಿಲ್ಲ. ಜಗತ್ತಿಗೆ ತೋರಿಸೋಕೆ ಅಂತ ನಾವು ಮಾಡಿಟ್ಟ ಮುಖ ನಮ್ಮ ಮಾತು ಕೇಳಲ್ಲ ಅನ್ನೋದೇ ನಾಟಕದ ವಿಷಯವೂ ಹೌದು. ಇನ್‌ಸ್ಟಾಗ್ರಾಮ್ ಬರೋಕೆ ಐದು ವರ್ಷ ಮುಂಚೆ ಬರೆದದ್ದು ನೋಡಿ.

ಇನ್ನು ಭಾಷೆಯ ಮಾತು. ಮಂಜುಳಾ ತನ್ನನ್ನು ಸಮರ್ಥಿಸಿಕೊಳ್ಳೋ ಪ್ರಶ್ನೆ ನಮ್ಮದೂ ಕೂಡ. ಲ್ಯಾಬ್ ರೆಕಾರ್ಡು, ರೆಸ್ಯೂಮೆ, ಇಂಟರ್ವ್ಯೂ ಎಲ್ಲ ಇಂಗ್ಲಿಷು. ಕ್ಯಾಂಟೀನಿನ ಬೈಗುಳ, ಅಮ್ಮನ ಫೋನು ಮಾತ್ರ ಕನ್ನಡ. ದುಡ್ಡೂ ಹೆಸರೂ ತರೋ ಭಾಷೆಗೆ ಹೋದವರನ್ನು ದ್ರೋಹಿ ಅನ್ನೋದು ಸುಲಭ. ಕಾರ್ನಾಡರು ಆ ಸುಲಭದ ಸಾಲು ಬರೆಯಲ್ಲ, ಅವರೂ ಎರಡೂ ಭಾಷೆಯಲ್ಲಿ ಬರೆದವರೇ ತಾನೆ. ಇಲ್ಲಿ ಕನ್ನಡದ ಪರ ಘೋಷಣೆ ನಿರೀಕ್ಷಿಸಿ ಹೋದವರಿಗೆ ನಿರಾಸೆ ಖಂಡಿತ.

ಇದರ ಜೊತೆಗೇ ಓದಬೇಕಾದದ್ದು ಅವರು ಇಂಗ್ಲಿಷಿನಲ್ಲಿ ಬರೆದ ‘ಫ್ಲವರ್ಸ್’. ಚಿತ್ರದುರ್ಗದ ಕಡೆಯ ಜನಪದ ಕತೆಯಿಂದ ಹುಟ್ಟಿದ್ದು. ಲಿಂಗಕ್ಕೆ ಹೂವಿನ ಅಲಂಕಾರ ಮಾಡೋದೇ ಪ್ರಾಣವಾಗಿರೋ ಪೂಜಾರಿ, ಒಬ್ಬ ವೇಶ್ಯೆಯ ಮೋಹಕ್ಕೆ ಬೀಳ್ತಾನೆ. ಪ್ರಸಾದದಲ್ಲಿ ಕೂದಲು ಸಿಕ್ಕಿ ಪಾಳೇಗಾರ ಕೇಳಿದಾಗ, ಅದು ದೇವರ ಕೂದಲು ಅಂದುಬಿಡ್ತಾನೆ. ಈಗ ತೋರಿಸಬೇಕು! ‘ಒಡಕಲು ಬಿಂಬ’ದಲ್ಲಿ ಸುಳ್ಳು ಬಯಲಾಗ್ತಾ ಹೋದರೆ ಇಲ್ಲಿ ದೇವರೇ ಸುಳ್ಳನ್ನು ನಿಜ ಮಾಡಿಬಿಡ್ತಾನೆ. ಪೂಜಾರಿಗೆ ಅದನ್ನೇ ತಡ್ಕೊಳ್ಳೋಕಾಗಲ್ಲ. ಅವನು ನಮ್ಮ ಹತ್ತಿರ ಮಾತಾಡ್ತಿದಾನೋ ದೇವರ ಹತ್ತಿರವೋ ಅನ್ನೋದರ ಬಗ್ಗೆ ನಮ್ಮೊಳಗೇ ಎರಡು ಪಾರ್ಟಿ ಇದೆ.

ಹೊರಗಿನವರಲ್ಲಿ ಇಬ್ಬರನ್ನು ಹೇಳಲೇಬೇಕು. ಇರಾನಿನ ನಸ್ಸಿಮ್ ಸುಲೇಮಾನ್‌ಪುರ್ ಕಡ್ಡಾಯ ಸೇನಾ ಸೇವೆ ಒಲ್ಲೆ ಅಂದಿದ್ದಕ್ಕೆ ಪಾಸ್‌ಪೋರ್ಟ್ ಸಿಗಲಿಲ್ಲ. ತಾನು ದೇಶ ಬಿಟ್ಟು ಹೋಗೋಕಾಗಲ್ಲ, ನಾಟಕವಾದರೂ ಹೋಗಲಿ ಅಂತ ‘ವೈಟ್ ರ‍್ಯಾಬಿಟ್ ರೆಡ್ ರ‍್ಯಾಬಿಟ್’ ಬರೆದರು, 2011ರಿಂದ ಊರೂರು ಸುತ್ತುತ್ತಿದೆ. ನಿರ್ದೇಶಕ ಇಲ್ಲ, ರಿಹರ್ಸಲ್ ಇಲ್ಲ. ಪ್ರತಿ ಪ್ರದರ್ಶನಕ್ಕೂ ಹೊಸ ನಟರು. ಮುಚ್ಚಿದ ಲಕೋಟೆಯಲ್ಲಿರೋ ಸ್ಕ್ರಿಪ್ಟನ್ನು ಅವರು ಒಡೆಯೋದೇ ರಂಗದ ಮೇಲೆ. ಸ್ಕ್ರಿಪ್ಟು ಹೇಳಿದ ಹಾಗೆ ಅವರು ಮಾಡಬೇಕು. ಹೀಗೆ ಹೇಳಿದ ಹಾಗೆ ಕೇಳೋದು ಎಲ್ಲಿಯವರೆಗೆ ಅನ್ನೋದೇ ನಾಟಕದ ಒಳಗಿನ ಪ್ರಶ್ನೆ. ಇಲ್ಲಿ ‘ಯಾರು ಮಾತಾಡ್ತಿದಾರೆ’ ಅನ್ನೋದೇ ಕಷ್ಟ: ದನಿ ನಟರದ್ದು, ‘ನಾನು’ ಅನ್ನೋದು ಎಲ್ಲೋ ದೂರದಲ್ಲಿರೋ ಬರಹಗಾರನದ್ದು.

ಇನ್ನೊಬ್ಬರು ಬ್ರಿಟನ್ನಿನ ಕ್ಯಾರಿಲ್ ಚರ್ಚಿಲ್. 2012ರ ‘ಲವ್ ಅಂಡ್ ಇನ್‌ಫರ್ಮೇಶನ್’ನಲ್ಲಿ ಐವತ್ತಕ್ಕೂ ಹೆಚ್ಚು ಪುಟ್ಟ ದೃಶ್ಯಗಳು, ಕೆಲವು ಅರ್ಧ ನಿಮಿಷವೂ ಇರಲ್ಲ. ಯಾವ ಸಾಲು ಯಾರದ್ದು ಅಂತ ಬರೆದೇ ಇಲ್ಲ. ಗಂಡ ಹೆಂಡತಿ ಅಂತ ಓದಿದ ದೃಶ್ಯವನ್ನೇ ರೂಮ್‌ಮೇಟ್‌ಗಳು ಅಂತ ಓದಿ ನೋಡಿ, ಬೇರೆ ನಾಟಕವೇ ಆಗುತ್ತೆ. ಕಿರುನಾಟಕ ಅಂದರೆ ದೊಡ್ಡ ನಾಟಕದ ಝಿಪ್ ಫೈಲ್ ಅಂದ್ಕೊಂಡವರು ಇದನ್ನು ಓದಲೇಬೇಕು. ಇಲ್ಲಿ ಹಿಂದಿನ ಕತೆ ಹೇಳೋಕೆ ಜಾಗವೇ ಇಲ್ಲ. ಮಾತಿನ ನಡುವೆ ಬಂದು ಕೂರ್ತೀವಿ, ಮಾತು ಮುಗಿಯೋ ಮೊದಲೇ ಎದ್ದು ಹೋಗ್ತೀವಿ.

ಓದೋದಾದರೆ ದಯವಿಟ್ಟು ಬಾಯಿಬಿಟ್ಟು ಓದಿ. ಕಂಸದೊಳಗಿರೋ ‘ಮೌನ’ ಅನ್ನೋ ಪದವನ್ನು ಹಾರಿಸಬೇಡಿ, ಅಲ್ಲಿ ನಿಜಕ್ಕೂ ಸುಮ್ಮನಿರಿ. ಎಷ್ಟು ಹೊತ್ತು ಅಂತ ತೀರ್ಮಾನಿಸೋಕೆ ಹೋದಾಗಲೇ ಪಾತ್ರ ಏನು ಯೋಚಿಸ್ತಿದೆ ಅಂತ ಹೊಳೆಯೋದು. ‘ಒಡಕಲು ಬಿಂಬ’ಕ್ಕೆ ಹಾಸ್ಟೆಲ್ ರೂಮೇ ಸಾಕು. ಬಿಂಬದ ಒಂದು ಪುಟದ ಮಾತನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ, ಮಂಜುಳಾ ಉತ್ತರಕ್ಕೆ ಅಂದಾಜಿನಲ್ಲಿ ಜಾಗ ಬಿಡಿ. ಆಮೇಲೆ ಮೊಬೈಲನ್ನು ಟೇಬಲ್ ಮೇಲೆ ನಿಲ್ಲಿಸಿ, ಪ್ಲೇ ಒತ್ತಿ, ಎದುರು ಕೂತು ಉತ್ತರ ಕೊಡೋಕೆ ನೋಡಿ.